ನಾಲ್ಕು ಅಟ್ಟಣೆ, ಮೂರು ದನಿ

ನವೆಂಬರ್ ಹನ್ನೊಂದರ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ರಾಮಾಪುರ ಠಾಣೆಯ ಮೆಟ್ಟಿಲು ಹತ್ತಿದ ತಾಯಿ ಮಗಳಿಬ್ಬರೂ ಸರಿಯಾಗಿ ನಿದ್ದೆ ಮಾಡಿದವರ ಹಾಗೆ ಕಾಣುತ್ತಿರಲಿಲ್ಲ. ತಾಯಿ ಚಿಕ್ಕಮಾದಮ್ಮನ ಬಲಗೈಗೆ ಹಳೆಯ ಬಟ್ಟೆ ಸುತ್ತಿತ್ತು. ಮಗಳು ದೀಪ ಮೊಬೈಲಿನ ಪರದೆಯನ್ನು ಅಂಗೈಗೆ ಒತ್ತಿ ಹಿಡಿದಿದ್ದಳು, ಅದರೊಳಗಿಂದ ಯಾರೋ ತನ್ನನ್ನು ನೋಡುತ್ತಿದ್ದಾರೆ ಅನ್ನುವ ಹಾಗೆ.

ಹೆಡ್ ಕಾನ್‌ಸ್ಟೇಬಲ್ ದೊಡ್ಡಮಾದಪ್ಪ ಅರ್ಧ ಕೇಳುವಷ್ಟರಲ್ಲೇ ಇದು ಅರಣ್ಯ ಇಲಾಖೆಗೆ ಸೇರಿದ್ದು ಅಂದ. ಭಾನುವಾರ ರಾತ್ರಿ ಕಾರೆದೊಡ್ಡಿಯ ರಾಗಿ ಹೊಲಕ್ಕೆ ಆನೆ ನುಗ್ಗಿ ಕಾವಲಿನ ಅಟ್ಟಣೆಯ ಒಂದು ಕಾಲು ಮುರಿದದ್ದು ಅವನ ಕಿವಿಗೂ ಬಿದ್ದಿತ್ತು.

"ಆನೆ ಮ್ಯಾಲೆ ಎಫ್‌ಐಆರ್ ಮಾಡಕಾದದೇನವ್ವ?"

"ಆನೆ ಮ್ಯಾಲಲ್ಲ ಕಣಪ್ಪ," ಅಂದಳು ಚಿಕ್ಕಮಾದಮ್ಮ. "ಆನೆಗೆ ದಾರಿ ಬುಟ್ಟನಲ್ಲ, ಅವುನ್ ಮ್ಯಾಲೆ."

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಮಾಲಿನಿಗೆ ಆ ಮಾತು ಕೇಳಿಸಿತು. ಅವಳು ಇಬ್ಬರನ್ನೂ ಒಳಗೆ ಕರೆದು ಕೂರಿಸಿ ಮೊಬೈಲ್ ಈಸಿಕೊಂಡಳು.

ಅದರಲ್ಲಿದ್ದದ್ದು ನಾಲ್ವರು ಒಂದು ತಂಡವಾಗಿ ಆಡುವ ಒಂದು ಕಾಳಗದ ಆಟ. ತಂಡದವರು ಆಡುತ್ತಲೇ ಒಬ್ಬರಿಗೊಬ್ಬರು ಮಾತಾಡಬಹುದು. ಹೊರಗಿನವರು ಸಂದೇಶ ಕಳಿಸಬಹುದು. ತನಗೆ ಬಂದ ಸಂದೇಶಗಳ ಚಿತ್ರಗಳನ್ನು ದೀಪ ತೆಗೆದಿಟ್ಟುಕೊಂಡಿದ್ದಳು. ಮಾಲಿನಿ ಒಂದೊಂದಾಗಿ ಓದಿದಳು.

'ಇವತ್ತು ಅಪ್ಪನ ಕೋಟು ಹಾಕ್ಕೊಂಡಿದೀಯ.'

'ನಿನ್ನ ಟಾರ್ಚು ಮಂಕಾಗಿದೆ. ಸೆಲ್ಲು ಬದಲಾಯಿಸು.'

'ನಿಮ್ಮವ್ವ ನಿದ್ದೆ ಮಾಡ್ತಾ ಅವ್ಳೆ. ನೀನು ಮಾಡಬೇಡ.'

ಪ್ರತಿ ಸಲವೂ ದೀಪ ಆ ಹೆಸರನ್ನು ಬ್ಲಾಕ್ ಮಾಡಿದ್ದಳು. ಆಟದವರಿಗೆ ದೂರನ್ನೂ ಕೊಟ್ಟಿದ್ದಳು. ನಿಮ್ಮ ಸುರಕ್ಷತೆ ನಮಗೆ ಮುಖ್ಯ ಎಂಬ ಸಿದ್ಧ ಉತ್ತರ ಬರುತ್ತಿತ್ತು, ಮರುದಿನ ಸಂಜೆ ಅದೇ ಮನುಷ್ಯ ಬೇರೆ ಹೆಸರಿನಲ್ಲಿ ಬರುತ್ತಿದ್ದ. ಗುರುತಿಲ್ಲದವರ ಸಂದೇಶ ಬೇಡ ಎಂಬ ಗುಂಡಿ ಒತ್ತಿದಳು. ಆಗ ಅವನು ಎದುರಾಳಿ ತಂಡದಲ್ಲಿ ಸೇರಿಕೊಂಡು, ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆಯತೊಡಗಿದ. ಕೊನೆಯದು ಭಾನುವಾರ ಸಂಜೆ ಬಂದದ್ದು:

'ನನ್ನ ಬ್ಲಾಕ್ ಮಾಡ್ದೆ. ಆನೇನ ಹ್ಯಾಗೆ ಬ್ಲಾಕ್ ಮಾಡ್ತೀಯ?'

ಅದೇ ರಾತ್ರಿ ಸೋಲಾರ್ ಬೇಲಿಯ ಕರೆಂಟು ಸತ್ತಿತ್ತು. ದೀಪ ಅಟ್ಟಣೆಯ ಮೇಲಿದ್ದಾಗಲೇ ಆನೆ ಅದರ ಕಾಲಿಗೆ ತಲೆ ಕೊಟ್ಟಿತು. ಚಿಕ್ಕಮಾದಮ್ಮ ಗುಡಿಸಲ ಮುಂದಿನ ಬೆಂಕಿಯಿಂದ ಉರಿಯುವ ಕೊಳ್ಳಿ ಎಳೆದುಕೊಂಡು ಕಿರುಚುತ್ತ ಓಡಿದ್ದರಿಂದ ಅದು ಹಿಂದೆ ಸರಿದಿತ್ತು. ಕೈ ಸುಟ್ಟದ್ದು ಆಗಲೇ.

"ಇಷ್ಟೆಲ್ಲ ಆದಮೇಲೂ ಆ ಆಟ ಯಾಕಿಟ್ಟುಕೊಂಡಿದ್ದೀಯ?" ಎಂದು ಮಾಲಿನಿ ಕೇಳಿದಳು.

ದೀಪ ಬಿಡಿಸಿ ಹೇಳಿದಳು. ಅವಳು ಕೊಳ್ಳೇಗಾಲದಲ್ಲಿ ಬಿ.ಎಸ್‌ಸಿ ಮುಗಿಸಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದವಳು. ಅಪ್ಪ ರಾಜಣ್ಣ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಮೇಲೆ ರಾಗಿ ತೆನೆಯ ಕಾವಲು ಅವಳ ಪಾಲಿಗೆ ಬಂದಿತ್ತು. ಕಾಡಂಚಿಗೆ ಸಾಲಾಗಿ ನಾಲ್ಕು ಹೊಲ, ನಾಲ್ಕು ಅಟ್ಟಣೆ. ಮೂಡಲ ತುದಿಯಲ್ಲಿ ದೀಪ, ನಡುವೆ ಒಂದು ದಿಬ್ಬ, ಅದರಾಚೆ ಸ್ವಾಮಿ, ಆಮೇಲೆ ಮಾದೇಶ್, ಕೊನೆಗೆ ಬಿಳಿಗಿರಿ. ನಾಲ್ವರೂ ಒಂದೇ ತಂಡ. ಆಟ ನಿದ್ದೆ ತಡೆಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಮೈಕು ಯಾವಾಗಲೂ ತೆರೆದಿರುತ್ತಿತ್ತು. ಫೋನ್ ಮಾಡಿದರೆ ಯಾರಾದರೂ ಎತ್ತಬೇಕು. ಇಲ್ಲಿ ಒಬ್ಬರ ಹೊಲಕ್ಕೆ ಆನೆ ಬಂತೆಂದು ಪಿಸುಗುಟ್ಟಿದರೂ ಉಳಿದ ಮೂವರಿಗೆ ಆ ಕ್ಷಣವೇ ತಿಳಿಯುತ್ತಿತ್ತು.

"ಆಟ ತೆಗೆದುಬಿಟ್ರೆ ಅವ್ನು ಹೋಗ್ತಾನೆ ಮೇಡಂ. ಆದ್ರೆ ಆನೆ ಬಂದದ್ದು ನಂಗೆ ಯಾರು ಹೇಳ್ತಾರೆ?"

ಹತ್ತೂ ಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು: ಹಿಂಬಾಲಿಸಿ ಪೀಡಿಸುವುದು, ಹೆಸರು ಮರೆಸಿಕೊಂಡು ಬೆದರಿಸುವುದು, ಪ್ರಾಣಕ್ಕೆ ಅಪಾಯ ತರುವ ಕೃತ್ಯ. ಆಟದ ಕಂಪನಿಯಿಂದ ಆ ಹೆಸರುಗಳ ಹಿಂದಿನ ನಂಬರುಗಳನ್ನು ತರಿಸಿಕೊಡುವಂತೆ ಚಾಮರಾಜನಗರದ ಸೈಬರ್ ಠಾಣೆಗೆ ಪತ್ರ ಹೋಯಿತು. ವಾರಗಳೇ ಹಿಡಿಯಬಹುದು ಎಂದು ಅಲ್ಲಿನವರು ಫೋನಿನಲ್ಲೇ ಹೇಳಿದರು. ರಾಗಿ ಕೊಯ್ಲಿಗೂ ಅಷ್ಟೇ ದಿನ ಉಳಿದಿತ್ತು.

ಮಧ್ಯಾಹ್ನ ಮಾಲಿನಿ ದೊಡ್ಡಮಾದಪ್ಪನನ್ನೂ ಮಹಿಳಾ ಕಾನ್‌ಸ್ಟೇಬಲ್ ಕುಸುಮಳನ್ನೂ ಕರೆದುಕೊಂಡು ಕಾರೆದೊಡ್ಡಿಗೆ ಹೋದಳು. ಮಾಲಿನಿ ಯಳಂದೂರಿನ ಅಗರದವಳು. ಗದ್ದೆ ಬಯಲಿನಲ್ಲಿ ಬೆಳೆದವಳಿಗೆ ಈ ಠಾಣೆಗೆ ವರ್ಗವಾಗಿ ಬಂದಮೇಲೆ ಕಾಡಿನ ಕಡೆ ಮುಖ ಮಾಡಿದಾಗಲೆಲ್ಲ ಹೆದರಿಕೆಯಾಗುತ್ತಿತ್ತು. ಅದನ್ನು ಸಿಬ್ಬಂದಿಗೆ ತೋರಗೊಟ್ಟಿರಲಿಲ್ಲ.

ಬೇಲಿಗೆ ಕರೆಂಟು ಬಿಡುವ ಪೆಟ್ಟಿಗೆ ದೀಪಳ ಹೊಲದ ಹಿಂದೆ, ಆನೆ ಕಂದಕದ ಬದಿಯಲ್ಲಿತ್ತು. ಬೀಗ ಯಾವತ್ತೋ ಕೆಟ್ಟು, ಬಾಗಿಲನ್ನು ತಂತಿಯಿಂದ ಕಟ್ಟಿದ್ದರು. ಯಾರು ಬೇಕಾದರೂ ಬಿಚ್ಚಬಹುದಿತ್ತು. ಬಿಳಿಗಿರಿಯನ್ನೂ ಊರಿನ ಇನ್ನೊಬ್ಬನನ್ನೂ ಪಂಚರಾಗಿ ನಿಲ್ಲಿಸಿಕೊಂಡು ಪಂಚನಾಮೆ ಬರೆಯಲಾಯಿತು. ಭಾನುವಾರದಿಂದ ಯಾರೂ ಮುಟ್ಟದ ಬ್ಯಾಟರಿಯ ಒಂದು ಕ್ಲಿಪ್ಪು ಕಳಚಿತ್ತು. ಮುರಿದಿರಲಿಲ್ಲ, ಸುಟ್ಟಿರಲಿಲ್ಲ, ಹಿಡಿದು ಒತ್ತಿ ತೆಗೆದು ಬದಿಗೆ ಇಟ್ಟದ್ದು. ಬಾಗಿಲಿನ ತಂತಿಯನ್ನು ಮತ್ತೆ ಮೂರು ಸುತ್ತು ಸುತ್ತಿ ತುದಿಯನ್ನು ಒಳಕ್ಕೆ ಮಡಚಿಡಲಾಗಿತ್ತು.

"ಕೋತಿ ಇರಬೌದಾ ಮೇಡಂ?" ಅಂದ ದೊಡ್ಡಮಾದಪ್ಪ.

"ತಂತಿ ಮಡಚಿಟ್ಟು ಹೋಗೋ ಕೋತಿ ಸಿಕ್ಕಿದ್ರೆ ಅದನ್ನೇ ನಮ್ಮ ಠಾಣೆ ರೈಟರ್ ಮಾಡ್ಕೊಳ್ಳೋಣ ಬಿಡಿ," ಅಂದಳು ಕುಸುಮ.

ಸಂಜೆ ಮೂವರು ಕಾವಲುಗಾರರ ಹೇಳಿಕೆ ಪಡೆದರು. ಮೂವತ್ತು ದಾಟಿದ ಮಾದೇಶ್ ಸಲೀಸಾಗಿ ಮಾತಾಡಿದ. ಆನೆ ಬಂದದ್ದು ತಮಗೆ ಗೊತ್ತಾದದ್ದೇ ಸ್ವಾಮಿಯಿಂದ, ಅವನೇ ಮೊದಲು ಮೈಕಿನಲ್ಲಿ ಕೂಗಿದ್ದು ಅಂದ. ಬಿಳಿಗಿರಿಯೂ ಅದನ್ನೇ ಹೇಳಿದ. ಇಪ್ಪತ್ತಾರರ ಸ್ವಾಮಿ ಉಗುರು ಕಚ್ಚುತ್ತ, ಹೌದು, ಕೂಗಿದೆ ಅಂದನೇ ಹೊರತು ಹೆಚ್ಚೇನೂ ಹೇಳಲಿಲ್ಲ. ಅವನ ತಾಯಿ ಗುರುಬಸಮ್ಮ ಪೊಲೀಸರಿಗೆ ಮಜ್ಜಿಗೆ ಕೊಟ್ಟಳು. ರಾಜಣ್ಣನ ಮನೆಗೂ ತಮ್ಮ ಮನೆಗೂ ಮುಯ್ಯಾಳಿನ ನಂಟು, ಅವರ ಕಳೆ ಇವರು ಕೀಳುತ್ತಾರೆ, ಇವರ ಕೊಯ್ಲಿಗೆ ಅವರು ಬರುತ್ತಾರೆ, ಇಂಥ ಮನೆಗೆ ಹೀಗಾಯಿತಲ್ಲ ಎಂದು ಕಣ್ಣೊರೆಸಿಕೊಂಡಳು.

ಬುಧವಾರ ಠಾಣೆಯಲ್ಲಿ ಕೂತು ಮಾಲಿನಿ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿದಳು. ಪದವಿಯಲ್ಲಿ ಭೌತಶಾಸ್ತ್ರ ಓದುವಾಗ ಬಂದ ಅಭ್ಯಾಸ ಅದು: ಒಂದೇ ವಸ್ತುವನ್ನು ಇಬ್ಬರು ಅಳೆದು ಬೇರೆ ಬೇರೆ ಉತ್ತರ ಬಂದರೆ, ಇಬ್ಬರಲ್ಲಿ ಒಬ್ಬರು ಸುಳ್ಳುಗಾರರು ಅನ್ನುವ ಮೊದಲು ಅಳತೆಗೋಲು ನೋಡಬೇಕು.

ಮಾದೇಶ್ ಹೇಳಿದ್ದು: "ದೀಪಾ ಇಳಿ, ಆನೆ ಬೇಲಿ ದಾಟ್ತು ಅಂತ ಸ್ವಾಮಿ ಬಡ್ಕಂಡ. ಆಮ್ಯಾಕೇ ನಾವು ಡಬ್ಬ ಬಡ್ದದ್ದು."

ದೀಪ ಹೇಳಿದ್ದು: ಆನೆ ಅಟ್ಟಣೆಗೆ ಬಡಿಯುವವರೆಗೆ ತನಗೆ ಯಾರೂ ಏನೂ ಹೇಳಲಿಲ್ಲ.

ಮಾಲಿನಿ ಗಾಡಿ ತೆಗೆಸಿ ಮತ್ತೆ ಕಾರೆದೊಡ್ಡಿಗೆ ಹೋದಳು. ಸ್ವಾಮಿ ರಾಮಾಪುರದ ಸಂತೆಗೆ ಹೋಗಿದ್ದ ಹೊತ್ತದು. ಗುರುಬಸಮ್ಮನ ಒಪ್ಪಿಗೆ ಕೇಳಿ ಅವನ ಅಟ್ಟಣೆ ಹತ್ತಿ ಮೂಡಲಿಗೆ ನೋಡಿದಳು. ದಿಬ್ಬ ಕಂಡಿತು, ದಿಬ್ಬದ ಮೇಲಿನ ಕಾರೆ ಪೊದೆ ಕಂಡಿತು. ದೀಪಳ ಅಟ್ಟಣೆಯಾಗಲಿ, ಬೇಲಿಯಾಗಲಿ, ರಾಗಿಯ ಒಂದು ತೆನೆಯಾಗಲಿ ಕಾಣಲಿಲ್ಲ. ಹಗಲಲ್ಲೇ ಕಾಣದ್ದು ಇರುಳಲ್ಲಿ ಹೇಗೆ ಕಂಡಿತು?

ದೀಪಳ ಮನೆಯಲ್ಲಿ ಅವಳೊಬ್ಬಳನ್ನೇ ಹಿತ್ತಿಲಿಗೆ ಕರೆದು ಕೇಳಿದಳು.

"ನಿನ್ನ ತಂಡದವರಲ್ಲಿ ಯಾರನ್ನಾದರೂ ಬ್ಲಾಕ್ ಮಾಡಿದ್ದೀಯಾ?"

ದೀಪ ಮೆಲ್ಲಗೆ, "ಸ್ವಾಮಿನ," ಅಂದಳು. "ಅದನ್ನ ನಾನು ಲೆಕ್ಕಕ್ಕೇ ತಗೊಂಡಿರ್ಲಿಲ್ಲ ಮೇಡಂ. ಅವ್ನು ನಮ್ಮೋನು."

ಸ್ವಾಮಿ ಬಿಡದೆ ಮಾತಾಡುತ್ತಿದ್ದ. ಊಟ ಏನು ಮಾಡಿದೆ, ಏನು ಓದ್ತಿದ್ದೀಯ, ನಕ್ಷತ್ರ ನೋಡಿದೆಯಾ. ಉತ್ತರ ತಡವಾದರೆ ದೀಪಾ, ದೀಪಾ ಎಂದು ಕರೆಯುತ್ತಲೇ ಇರುತ್ತಿದ್ದ. ಪುಸ್ತಕ ತೆರೆಯಲು ಆಗುತ್ತಿರಲಿಲ್ಲ. ಸುಮ್ಮನಿರು ಅನ್ನಲು ಬಾಯಿ ಬರಲಿಲ್ಲ. ಮುಯ್ಯಾಳಿನ ಮನೆಯವರು, ನಾಳೆ ಅವನ ಅವ್ವನ ಎದುರು ಸಾಲಿನಲ್ಲಿ ಬಗ್ಗಿ ತೆನೆ ಕೊಯ್ಯಬೇಕು. ಆಟದಲ್ಲಿ ಸದ್ದಿಲ್ಲದ ಒಂದು ಗುಂಡಿ ಇತ್ತು. ಒತ್ತಿದರೆ ಅವನ ದನಿಯೂ ಬರಹವೂ ತನಗೆ ಬರುವುದಿಲ್ಲ, ಅವನಿಗೆ ಯಾರೂ ತಿಳಿಸುವುದಿಲ್ಲ. ಯಾರ ಮನಸ್ಸೂ ನೋಯುವುದಿಲ್ಲ ಅಂದುಕೊಂಡು ಒತ್ತಿದ್ದಳು. ಮಾದೇಶ್, ಬಿಳಿಗಿರಿ ಇದ್ದಾರಲ್ಲ, ಆನೆ ಬಂದರೆ ಅವರು ಹೇಳುತ್ತಾರೆ ಎಂದು ಧೈರ್ಯ ತಂದುಕೊಂಡಿದ್ದಳು. ಗುರುತಿಲ್ಲದ ಮೊದಲ ಸಂದೇಶ ಬಂದದ್ದು ಅದಾದ ವಾರದೊಳಗೆ.

"ಅವ್ನೇನಾ?" ಎಂದು ದೀಪ ಕೇಳಿದಳು. "ಮೊನ್ನೆ ನಮ್ ಮುರಿದ ಅಟ್ಟಣೆ ಕಾಲು ಕಟ್ಟಿಕೊಟ್ಟದ್ದೂ ಅವ್ನೇ."

ಇನ್ನೂ ಗೊತ್ತಿಲ್ಲ ಅಂದಳು ಮಾಲಿನಿ. ಗೊತ್ತುಮಾಡಿಕೊಳ್ಳುವ ಒಂದು ದಾರಿ ಇತ್ತು, ಆದರೆ ಅದಕ್ಕೆ ದೀಪ ಒಪ್ಪಬೇಕಿತ್ತು. ಎರಡು ಸಂಜೆ, ಉಳಿದುದೆಲ್ಲ ಇದ್ದ ಹಾಗೇ ಇರಬೇಕು, ಒಂದನ್ನು ಮಾತ್ರ ಬದಲಿಸಬೇಕು. ಇವತ್ತು ಸ್ವಾಮಿಯ ಮೇಲಿನ ಬ್ಲಾಕ್ ತೆಗೆಯುವುದು. ನಾಳೆ ಮತ್ತೆ ಹಾಕುವುದು.

"ಅವ್ನ ದನಿ ನಾನು ಕೇಳ್ಬೇಕಾ?"

"ನಾನು ಪಕ್ಕದಲ್ಲಿರ್ತೀನಿ. ಬೇಡ ಅನಿಸಿದ ಕ್ಷಣ ನಿಲ್ಲಿಸಿಬಿಡು. ಯಾಕೆ ಅಂತ ನಾನು ಕೇಳಲ್ಲ."

ದೀಪ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ತಲೆಯಾಡಿಸಿದಳು.

ಬುಧವಾರ ಹೊತ್ತು ಮುಳುಗುವ ಮೊದಲೇ ಮಾಲಿನಿ ಚಿಕ್ಕಮಾದಮ್ಮನ ಹಳೇ ಸೀರೆ ಉಟ್ಟು, ತಲೆಗೆ ಟವೆಲು ಹೊದ್ದು, ಅಟ್ಟಣೆಯ ಮೇಲೆ ದೀಪಳ ಪಕ್ಕ ಕೂತಳು. ಅರಣ್ಯ ಇಲಾಖೆಯ ಕಾವಲುಗಾರನೊಬ್ಬ ಪಟಾಕಿ ಹಿಡಿದು ಕೆಳಗಿದ್ದ. ಅಟ್ಟಣೆಯ ಹೊಸ ಕಾಲು ಗಾಳಿಗೆ ಕಿರುಗುಟ್ಟಿದಾಗಲೆಲ್ಲ ಮಾಲಿನಿಯ ಕೈ ಅಡ್ಡಗಳುವನ್ನು ಹುಡುಕುತ್ತಿತ್ತು. ಕಂದಕದಾಚೆ ಕಾಡು ಒಂದೇ ಕಪ್ಪಾಗತೊಡಗಿತ್ತು.

ದೀಪ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಮೊಬೈಲಿನಿಂದ ದನಿ ಬಂತು, ತೀರಾ ಹತ್ತಿರದಿಂದ, ಕಿವಿಯಲ್ಲೇ ಹೇಳಿದಂತೆ.

"ದೀಪಾ? ಊಟ ಆಯ್ತಾ?"

ಮಾಲಿನಿ ಅವಳ ಮೊಣಕೈ ಹಿಡಿದಳು.

"ಆಯ್ತು," ಅಂದಳು ದೀಪ. "ಮುದ್ದೆ, ಉಪ್ಸಾರು."

"ನಂದೂ ಆಯ್ತು ಕನಾ." ಆ ದನಿಯಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ ಮಾಲಿನಿಗೆ ಬೆದರಿಕೆಗಿಂತ ಅದೇ ಹೆಚ್ಚು ಭಯ ಹುಟ್ಟಿಸಿತು. ಆ ಸಂಜೆ ಗುರುತಿಲ್ಲದ ಸಂದೇಶ ಒಂದೂ ಬರಲಿಲ್ಲ. ಸ್ವಾಮಿ ಮಾತಾಡುತ್ತಲೇ ಇದ್ದ, ದೀಪ ಚುಟುಕಾಗಿ ಉತ್ತರಿಸುತ್ತಿದ್ದಳು.

ಗುರುವಾರ ಸಂಜೆ ಐದೂ ಮುಕ್ಕಾಲಿಗೆ ಬ್ಲಾಕ್ ಮತ್ತೆ ಬಿತ್ತು. ಮಾಲಿನಿ ಅದೇ ಸೀರೆ, ಅದೇ ಟವೆಲಿನಲ್ಲಿ ದೀಪಳ ಪಕ್ಕ ಕೂತಿದ್ದಳು. ಈ ಸಲ ಬೇಲಿಯ ಪೆಟ್ಟಿಗೆಯ ಎಡಕ್ಕೆ, ಒಟ್ಟಿದ ಜೋಳದ ಕಡ್ಡಿಯ ಹಿಂದೆ ಕುಸುಮ ಮತ್ತು ದೊಡ್ಡಮಾದಪ್ಪ ಅಡಗಿದ್ದರು. ಬ್ಯಾಟರಿಯ ಕ್ಲಿಪ್ಪನ್ನು ಮಾಲಿನಿಯೇ ಹೋಗಿ ಮುಟ್ಟಿ ನೋಡಿ ಬಂದಿದ್ದಳು. ಪೆಟ್ಟಿಗೆಯ ಹಸಿರು ದೀಪ ಅಟ್ಟಣೆಗೆ ಕಾಣುವಂತೆ ಮಿನುಗುತ್ತಿತ್ತು.

ಬೆಳಕು ಆರುತ್ತ ಬಂತು. ಕಾಡಿನೊಳಗೆ ಎಲ್ಲೋ ಕೊಂಬೆ ಮುರಿದ ಸದ್ದಾಯಿತು. ಕೆಳಗಿದ್ದ ಕಾವಲುಗಾರ, ದೂರದಲ್ಲಿದೆ, ಅಲುಗಬೇಡಿ ಎಂದು ಕೈಸನ್ನೆ ಮಾಡಿದ. ಈ ಹುಡುಗಿ ಇದನ್ನು ದಿನಾ ಕೇಳುತ್ತ ಕೂರುತ್ತಾಳೆ, ಜೊತೆಗೆ ಆ ಸಂದೇಶಗಳನ್ನೂ ಓದುತ್ತ ಎಂಬುದು ಆಗ ಮಾಲಿನಿಯ ಮನಸ್ಸಿಗೆ ತಟ್ಟಿತು.

ಮೊಬೈಲು ಮಿನುಗಿತು. ಹೊಸ ಹೆಸರು, ಅರ್ಥವಿಲ್ಲದ ಅಕ್ಷರಗಳು.

'ನಿನ್ನೆ ಮಾತಾಡ್ದೆ. ಇವತ್ತು ಯಾಕಿಲ್ಲ?'

ಇನ್ನೊಂದು ಬಂತು.

'ಪಕ್ಕದಲ್ಲಿ ಕೂತಿರೋದು ನಿಮ್ಮವ್ವ ಅಲ್ಲ.'

ದಿಬ್ಬದಾಚೆಯಿಂದ ಇದು ಕಾಣುವಂತಿರಲಿಲ್ಲ. ಅಂದರೆ ಅವನು ದಿಬ್ಬದಾಚೆ ಇಲ್ಲ. ಇಲ್ಲೇ, ಇವರ ಮುಖ ಕಾಣುವಷ್ಟು ಹತ್ತಿರ ಇದ್ದಾನೆ. ಮಾಲಿನಿ ಟವೆಲನ್ನು ತಲೆಯಿಂದ ತೆಗೆದು ಕೆಳಗೆ ಹಾಕಿದಳು. ಮೊದಲೇ ಮಾತಾಡಿಕೊಂಡಿದ್ದ ಸನ್ನೆ ಅದು. ಕುಸುಮಳ ಟಾರ್ಚಿನ ಬೆಳಕು ಬದುವಿನ ಉದ್ದಕ್ಕೂ ಹರಿದು ಬೇವಿನ ಮರದ ಬುಡಕ್ಕೆ ಹೋಗಿ ನಿಂತಿತು.

ಸ್ವಾಮಿ ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಮೊಬೈಲಿನ ಬೆಳಕು ಅವನ ಗದ್ದದ ಮೇಲಿತ್ತು. ಓಡಲಿಲ್ಲ. ದೊಡ್ಡಮಾದಪ್ಪ ಹೆಗಲ ಮೇಲೆ ಕೈಯಿಟ್ಟಾಗ, ಇಡೀ ಮೈ ಗಡಗಡ ನಡುಗುತ್ತಿದ್ದದ್ದು ಅವನ ಅಂಗೈಗೆ ತಿಳಿಯಿತು.

"ಏಳ್ಲಾ," ಅಂದ ದೊಡ್ಡಮಾದಪ್ಪ. "ಕತ್ಲಾಗದ್ರೊಳಗೆ ಓಗ್ಬುಡವ."

ಪಂಚರ ಎದುರು ಮೊಬೈಲ್ ವಶಪಡಿಸಿಕೊಂಡು, ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಅದರಲ್ಲಿ ಆ ಆಟದ ಖಾತೆಗಳು ಒಂದರ ಹಿಂದೊಂದು ಸಿಕ್ಕವು. ದೀಪ ಬ್ಲಾಕ್ ಮಾಡಿದ್ದ ಎಲ್ಲ ಹೆಸರುಗಳೂ ಇದ್ದವು. ಬಂಧನದ ವಿಷಯವನ್ನು ಕುಸುಮಳೇ ಹೋಗಿ ಗುರುಬಸಮ್ಮನಿಗೆ ತಿಳಿಸಿದಳು. ಸುಳ್ಳು ಅನ್ನಲಿಲ್ಲ, ಅಳಲೂ ಇಲ್ಲ, ಹೊಲದ ಕಡೆ ನೋಡುತ್ತ ನಿಂತುಬಿಟ್ಟಳು ಎಂದು ಬಂದು ಹೇಳಿದಳು.

ಶುಕ್ರವಾರ ಬೆಳಿಗ್ಗೆ, ಕೊಳ್ಳೇಗಾಲದ ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು ಮಾಲಿನಿ ಅವನನ್ನು ಎದುರಿಗೆ ಕೂರಿಸಿಕೊಂಡಳು.

ಸ್ವಾಮಿ ಏನನ್ನೂ ಮುಚ್ಚಿಡಲಿಲ್ಲ. ಎರಡು ವರ್ಷದ ಹಿಂದೆ ಇದೇ ತೆನೆಯ ಕಾಲದಲ್ಲಿ ಅವನ ಚಿಕ್ಕಪ್ಪನನ್ನು ಅವನ ಕಣ್ಣೆದುರೇ ಆನೆ ಎಳೆದು ಹಾಕಿತ್ತು. ಬೆಳಗಾಗುವವರೆಗೂ ಅವನು ಅಟ್ಟಣೆಯ ಮೇಲೆ, ಕೆಳಗೆ ಚಿಕ್ಕಪ್ಪ. ಆಮೇಲೆ ಮನೆಯಲ್ಲಿ ಉಳಿದ ಗಂಡಸು ಅವನೊಬ್ಬನೇ. ಮುಂದಿನ ವರ್ಷ ತೆನೆ ಬಂದಾಗ ಎಲ್ಲರೂ ಅವನ ಕೈಗೆ ಟಾರ್ಚು ಕೊಟ್ಟರು. ಕೂರಕ್ಕಾಗ್ತದಾ ಎಂದು ಯಾರೂ ಕೇಳಲಿಲ್ಲ.

"ಹೆದ್ರಿಕೆ ಆಯ್ತದ ಅಂತ ಯಾರ್ ತಾವ ಯೇಳಾನ ಮೇಡಂ? ಅವ್ಳ ಕುಟ್ಟೆ ಮಾತಾಡ್ತಿದ್ರೆ ಬೆಳಗಾಗ್ಬುಡದು."

ಒಂದು ದಿನ ಉತ್ತರ ನಿಂತಿತು. ಅವಳು ಮಾದೇಶನಿಗೆ ಉತ್ತರ ಕೊಡುತ್ತಿದ್ದಳು, ಬಿಳಿಗಿರಿಗೆ ಕೊಡುತ್ತಿದ್ದಳು. 'ನಿನ್ ಬಾಯಿ ಹೊಲ್ದವ್ಳೆ ಕಣ್ಲಾ' ಎಂದು ಮಾದೇಶ್ ನಗಾಡಿದ್ದ. ಆ ರಾತ್ರಿಗಳನ್ನು ಸ್ವಾಮಿ ಹೊದಿಕೆಯೊಳಗೆ ತಲೆ ಹುದುಗಿಸಿ ಕಳೆದಿದ್ದ. ತನಗಾಗುವ ಹೆದರಿಕೆ ಅವಳಿಗೂ ಆದರೆ ಯಾರನ್ನಾದರೂ ಕರೆಯಲೇಬೇಕು, ತನ್ನನ್ನೇ ಕರೆಯುತ್ತಾಳೆ ಎಂದು ಲೆಕ್ಕ ಹಾಕಿದ್ದ. ಸಂಜೆ ಬೇಲಿ ನೋಡುವ ನೆಪದಲ್ಲಿ ಅವಳ ಹೊಲದ ಬದಿ ಹಾದು ಬಂದು, ಕಂಡದ್ದನ್ನು ಬೇರೆ ಹೆಸರಿನಲ್ಲಿ ಬರೆದು ಕಳಿಸಿ, ಆಮೇಲೆ ತನ್ನ ಹೆಸರಿನಲ್ಲಿ ತಂಡ ಸೇರಿಕೊಳ್ಳುತ್ತಿದ್ದ. ಕರೆಯಲಿಲ್ಲ. ಭಾನುವಾರ ಪೆಟ್ಟಿಗೆಯ ಹಸಿರು ದೀಪ ಆರಿದರೆ ಖಂಡಿತ ಕರೆಯುತ್ತಾಳೆ ಎಂದು ಕ್ಲಿಪ್ಪು ತೆಗೆದಿದ್ದ. ವಾಪಸು ಬರುವಾಗ ಕಂದಕದ ಮುರಿದ ದಡದಲ್ಲಿ ಆನೆ ಏರುತ್ತಿದ್ದದ್ದು ಕಂಡಿತು.

"ಆಗ ಕೂಗಿದೆ," ಅಂದಳು ಮಾಲಿನಿ.

"ಕೂಗ್ದೆ. ಮೈಕಲ್ಲಿ."

"ನಿನ್ನ ದನಿ ಅವಳಿಗೆ ಬರಲ್ಲ ಅಂತ ಗೊತ್ತಿತ್ತಲ್ಲ?"

"ಮಾದೇಶಣ್ಣ ಕೇಳ್ಕಂಡು ಯೇಳ್ತಾನೆ ಅಂತ."

ಮಾದೇಶ್, ಬಿಳಿಗಿರಿ ಇಬ್ಬರೂ ಆ ಗಾಬರಿಯಲ್ಲಿ ಬ್ಲಾಕಿನ ನೆನಪಾಗದೆ, ಸ್ವಾಮಿಯ ಕೂಗು ದೀಪಳಿಗೂ ಕೇಳಿಸಿರಬಹುದು ಎಂದು ಮೊಬೈಲು ಬಿಸಾಡಿ ಡಬ್ಬ ಹಿಡಿದಿದ್ದರು.

"ಅವಳ ಹೊಲದ ಪಕ್ಕದಲ್ಲೇ ಇದ್ದೆ. ಬಾಯಿಬಿಟ್ಟು ಕೂಗಿದ್ದರೆ ಕೇಳುತ್ತಿತ್ತು."

ಸ್ವಾಮಿ ತನ್ನ ಕೈಗಳನ್ನು ನೋಡಿಕೊಂಡ.

"ಕೂಗಿದ್ರೆ ನಾನು ಅಲ್ಲವ್ನೆ ಅಂತ ಗೊತ್ತಾಗದಲ್ಲ ಮೇಡಂ."

ಮಾಲಿನಿ ಆ ಮಾತನ್ನು ಅವನು ಹೇಳಿದ ಹಾಗೆಯೇ ಬರೆದುಕೊಂಡಳು.

ಮಧ್ಯಾಹ್ನ ಪೂರಕ ಹೇಳಿಕೆಗೆಂದು ದೀಪ ಠಾಣೆಗೆ ಬಂದಳು. ಓದಿ ನೋಡಿದಮೇಲೆ ಪೆನ್ನನ್ನು ಕೈಯಲ್ಲೇ ಹಿಡಿದು ಕೂತಳು.

"ಅವ್ನು ಕೂಗಿದ್ದು ನಿಜವಾ ಮೇಡಂ?"

"ನಿಜ."

"ನಾನು ಬ್ಲಾಕ್ ಮಾಡದೆ ಇದ್ದಿದ್ರೆ ಕೇಳಿಸ್ತಿತ್ತು."

"ಕೇಳಿಸ್ತಿತ್ತು. ಮಾಡದೆ ಇದ್ದಿದ್ರೆ ಅವನು ಪೆಟ್ಟಿಗೆ ಹತ್ರ ಹೋಗ್ತಿರ್ಲಿಲ್ಲ ಅಂತ ನಾಳೆ ಅವನ ವಕೀಲರೂ ಹೇಳಬಹುದು. ನಿನ್ನ ಕಿವಿಗೆ ಯಾರ ಮಾತು ಬೀಳಬೇಕು ಅನ್ನೋದು ನಿನ್ನಿಷ್ಟ ದೀಪ. ಕ್ಲಿಪ್ಪು ತೆಗೆದ ಕೈ ನಿಂದಲ್ಲ."

ದೀಪ ಸಹಿ ಹಾಕಿದಳು. ನಂಬಿದಳೋ ಇಲ್ಲವೋ ಮಾಲಿನಿಗೆ ತಿಳಿಯಲಿಲ್ಲ. ಅವಳನ್ನು ಬೀಳ್ಕೊಡಲು ಬಾಗಿಲವರೆಗೆ ಬಂದಾಗ ಎದುರಿನ ಬಸ್ ನಿಲ್ದಾಣ ಕಂಡಿತು. ಮಗನಿಗೆ ಬಟ್ಟೆ ಕೊಡಲು ಬಂದಿದ್ದ ಗುರುಬಸಮ್ಮ ಕಲ್ಲುಬೆಂಚಿನ ಒಂದು ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅಂಗಡಿಯಿಂದ ಆಗಷ್ಟೇ ಕೊಂಡ ಟಾರ್ಚಿತ್ತು.

ದೀಪ ರಸ್ತೆ ದಾಟಿ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಕಾರೆದೊಡ್ಡಿಯ ಕಡೆ ಹೋಗುವ ಬಸ್ಸು ಬಂದಾಗ ಮೊದಲು ಗುರುಬಸಮ್ಮ ಹತ್ತಿದಳು, ಹಿಂದೆ ದೀಪ. ಕತ್ತಲಾಗುವ ಮೊದಲು ಇಬ್ಬರೂ ತಂತಮ್ಮ ಅಟ್ಟಣೆ ಹತ್ತಬೇಕಾಗಿತ್ತು.